ಮೈಮೇಲೆ ಬಂದದ್ದು ದೇವಿಯಲ್ಲ

೧೯೯೬ರಲ್ಲಿ ನಾನು ಶಾಲೆ ಬಿಟ್ಟೆ, ಏಳನೆಯ ಇಯತ್ತೆಯ ಅರ್ಧಕ್ಕೆ. ಯಾರೂ ಬಿಡಿಸಲಿಲ್ಲ. ಮಾಸ್ತರರು ಮನೆಗೆ ಬಂದು ಹೇಳಿದರು, ಅಪ್ಪ ಬಾರಕೋಲು ತೆಗೆದುಕೊಂಡ, ಅವ್ವ ಒಂದು ದಿನ ಊಟ ಬಿಟ್ಟು ಕೂತಳು. ನಾನು ಹೋಗಲಿಲ್ಲ. ಬೈಲಹೊಂಗಲ ಸೀಮೆಯಲ್ಲಿ ಆಗ ಹೊಲಹೊಲಕ್ಕೂ ಬೋರು ಬೀಳುತ್ತಿತ್ತು, ಹೆಗಲಿದ್ದವನಿಗೆ ಕೆಲಸವಿತ್ತು. ನನಗೆ ಹೆಗಲಿತ್ತು.

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಸಂಗೊಳ್ಳಿಯಲ್ಲಿ ಇವತ್ತಿಗೂ ಕೆಲವರು "ಸಾಲಿ ಕಲೀಲಿಲ್ಲ, ಅದಕ್ಕ ಕುಡಕ ಆದ" ಎನ್ನುತ್ತಾರೆ. ಧಾರವಾಡದ ದವಾಖಾನೆಯಲ್ಲಿ ನನ್ನ ಬಲಗಡೆಯ ಮಂಚದಲ್ಲಿದ್ದವರು ಒಬ್ಬ ಹೆಡ್‌ಮಾಸ್ತರರು, ಎಡಗಡೆ ಇದ್ದವರು ಒಬ್ಬ ವಕೀಲರು. ಮೂವರ ಕೈಯೂ ಒಂದೇ ತೆರನಾಗಿ ನಡುಗುತ್ತಿತ್ತು. ಕೈಗೆ ಯಾರು ಎಷ್ಟನೆಯ ಇಯತ್ತೆ ಓದಿದ್ದಾರೆ ಎಂಬುದು ಗೊತ್ತಿರುವುದಿಲ್ಲ.

ನನ್ನ ಕೆಲಸ ಏನೆಂದರೆ ಬೋರಿನೊಳಗೆ ಮೋಟರು ಇಳಿಸುವುದು, ಕೆಟ್ಟರೆ ಎತ್ತುವುದು. ಮೂರು ಕಾಲಿನ ಕಬ್ಬಿಣದ ಕಂಬ ನಿಲ್ಲಿಸಿ, ಅದಕ್ಕೆ ಚೈನ್ ಪುಲ್ಲಿ ಹಾಕಿ, ಪೈಪಿಗೆ ಪೈಪು ಜೋಡಿಸುತ್ತ ಇಳಿಸಬೇಕು. ಪ್ರತಿ ಪೈಪು ಇಳಿದಾಗಲೂ ಬೋರಿನ ಬಾಯಿಯ ಹತ್ತಿರ ಕೂತ ಒಬ್ಬನು ಕ್ಲಾಂಪ್ ಬಿಗಿದು ಅಷ್ಟೂ ಭಾರವನ್ನು ಹಿಡಿದು ನಿಲ್ಲಿಸುತ್ತಾನೆ. ಅವನು ತಪ್ಪಿದರೆ ಮೋಟರು, ಪೈಪು, ಕೇಬಲ್ ಎಲ್ಲವೂ ಭೂಮಿಯೊಳಗೆ. ಆ ಜಾಗಕ್ಕೆ ಎಲ್ಲರನ್ನೂ ಕೂಡಿಸುವುದಿಲ್ಲ. ಇಪ್ಪತ್ತೆರಡನೆಯ ವಯಸ್ಸಿಗೆ ನನ್ನನ್ನು ಕೂಡಿಸಿದರು. ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲಿ ಹೋದರೂ ರೈತರು ನಮ್ಮ ಮಾಲಕರನ್ನು ಕೇಳುತ್ತಿದ್ದರು: "ಕ್ಲಾಂಪಿಗೆ ಆ ಸಂಗೊಳ್ಳಿಯಾಂವ ಬರತಾನಿಲ್ಲೋ?" ನನ್ನ ಕೈಯಿಂದ ಒಂದೇ ಒಂದು ಪೈಪು ಜಾರಿಲ್ಲ. ಕುಡಿದಾಗಲೂ ಜಾರಿಲ್ಲ.

ಅಲ್ಲೇ ಇತ್ತು ನನ್ನ ಮೋಸ. ನಾನು ನನಗೇ ಮಾಡಿಕೊಂಡದ್ದು.

ಕುಡುಕ ಎಂದರೆ ಗಟಾರದ ಪಕ್ಕ ಬಿದ್ದವನು, ಹೆಂಡತಿಗೆ ಹೊಡೆಯುವವನು, ದುಡಿಯದವನು ಎಂದು ತಿಳಿದಿದ್ದೆ. ನಾನು ಒಂದು ದಿನ ಕೆಲಸ ತಪ್ಪಿಸಿದವನಲ್ಲ. ಕೊರಳಲ್ಲಿ ಲಿಂಗವಿರುವ ಮನೆತನ. ಮಕ್ಕಳ ಮುಂದೆ ಬಾಟಲಿ ತೆಗೆದವನಲ್ಲ. ಮುಂಜಾನೆ ಎದ್ದಾಗ ಕೈ ನಡುಗುತ್ತಿತ್ತು, ಒಂದು ಕ್ವಾರ್ಟರ್ ಒಳಗೆ ಹೋದ ಕೂಡಲೇ ಕಲ್ಲಿನಂತೆ ನಿಲ್ಲುತ್ತಿತ್ತು. ಅದನ್ನು ನಾನು ಔಷಧ ಅಂದುಕೊಂಡಿದ್ದೆ. ನಡುಕ ತಂದದ್ದೂ ಅದೇ ಎಂದು ಹೇಳುವವರು ಯಾರೂ ಇರಲಿಲ್ಲ. ಮಾಲಕರು ಸಹ "ಮೊದಲ ಅವಗ ಒಂದೀಟ ಹಾಕ್ಸಿ ಆಮ್ಯಾಲೆ ಕುಂದರಸ್ರೋ" ಎನ್ನುತ್ತಿದ್ದರು. ಎಂಜಿನ್ನಿಗೆ ಎಣ್ಣೆ ಹಾಕಿಸಿದ ಹಾಗೆ.

ನನ್ನ ಹೆಂಡತಿ ಮಾತ್ರ ನನ್ನ ಈ ಲೆಕ್ಕಕ್ಕೆ ಬಗ್ಗಲಿಲ್ಲ. "ದುಡದು ಕುಡೀತೇನಿ ಅಂತೀರಿ. ದುಡ್ಯಾಕ ಕುಡೀತೀರಿ, ಅದನ್ನ ಯಾಕ ಹೇಳವಲ್ರಿ?" ಎಂದು ಒಂದು ದಿನ ಕೇಳಿದಳು. ಉತ್ತರ ಇಲ್ಲದಾಗ ಗಂಡಸು ಏನು ಮಾಡುತ್ತಾನೆ? ಆಣೆ ಮಾಡುತ್ತಾನೆ. ಐದು ವರ್ಷದ ಹಿಂದೆ ಒಂದು ಮಂಗಳವಾರ ಅವ್ವನನ್ನೂ ಹೆಂಡತಿಯನ್ನೂ ಕರೆದುಕೊಂಡು ಸವದತ್ತಿಯ ಗುಡ್ಡಕ್ಕೆ ಹೋದೆ. ಎಲ್ಲಮ್ಮನ ಅರಿಸಿನದ ಭಂಡಾರ ಮುಟ್ಟಿ, ಇವತ್ತಿನಿಂದ ಹನಿ ಮುಟ್ಟುವುದಿಲ್ಲ ಎಂದೆ. ಗಂಡಸು ಮನಸ್ಸು ಮಾಡಿದರೆ ಆಗದ್ದೇನು ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಹೇಳಿಕೊಂಡೆ.

ಮನಸ್ಸೇನೋ ಮಾಡಿದ್ದೆ. ಮೈ ಮಾಡಿರಲಿಲ್ಲ.

ಬುಧವಾರ ಊಟ ಸೇರಲಿಲ್ಲ, ಬೆವರು ಹರಿಯಿತು. ಗುರುವಾರ ಮುಂಜಾನೆ ಹತ್ತರ ಸುಮಾರಿಗೆ ಪಡಸಾಲೆಯಲ್ಲಿ ಕೂತಿದ್ದೆ. ಗೋಡೆಯ ಮೇಲಿಂದ ಕಟ್ಟಿರುವೆ ಸಾಲುಸಾಲಾಗಿ ಇಳಿದು ನನ್ನ ತೊಡೆಯ ಮೇಲೆ ಹತ್ತತೊಡಗಿದವು. ಒಂದೊಂದನ್ನೇ ಹೆಕ್ಕಿ ಒಗೆಯುತ್ತಿದ್ದೆ. ಮೈಯೆಲ್ಲ ಗಡಗಡ ನಡುಗುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಗೋಡೆಯ ಜೊತೆ ಏನೋ ಜೋರಾಗಿ ಮಾತಾಡುತ್ತಿದ್ದೆನಂತೆ. ಓಣಿಯ ಹಿರಿಯ ಅಜ್ಜಿಯೊಬ್ಬಳು ಬಾಗಿಲಲ್ಲಿ ನಿಂತು ನೋಡಿದಳು. ಗುಡ್ಡಕ್ಕೆ ಹೋಗಿ ಬಂದು ಎರಡೇ ದಿನ, ಮೈ ನಡುಗುತ್ತಿದೆ, ಕಣ್ಣು ಕೆಂಪಾಗಿದೆ. ಅವಳಿಗೆ ಸಂಶಯವೇ ಉಳಿಯಲಿಲ್ಲ.

"ಉಧೋ ಉಧೋ! ಯವ್ವಾ ಬಂದಾಳ್ರೇ, ಮೈತುಂಬಿ ಬಂದಾಳ! ನಡುಮನ್ಯಾಗ ಕಂಬಳಿ ಹಾಸ್ರಿ!"

ಅರ್ಧ ತಾಸಿನಲ್ಲಿ ಪಡಸಾಲೆ ತುಂಬಿತು. ನನ್ನನ್ನು ಕಂಬಳಿಯ ಮೇಲೆ ಕೂಡಿಸಿ ಹಣೆ, ಕೊರಳು, ತೋಳಿಗೆಲ್ಲ ಭಂಡಾರ ಬಳಿದರು. ಅವ್ವ ನನ್ನ ಕಾಲಿಗೆ ಬಿದ್ದಳು. ಹೆತ್ತ ತಾಯಿ! ಯಾರೋ ಮಗಳ ಲಗ್ನ ಕೇಳಿದರು. ಅಜ್ಜಿ ನಾಲ್ಕು ದಿನದಿಂದ ತಪ್ಪಿಸಿಕೊಂಡ ತನ್ನ ಎಮ್ಮೆಯನ್ನು ಕೇಳಿದಳು: "ತಾಯೀ, ನನ್ನ ಎಮ್ಮಿ ಯಾ ದಿಕ್ಕಿಗಿ ಐತಿ?" ನಾನು "ಮೂಡಲಕ್ಕ, ಮೂಡಲಕ್ಕ" ಎಂದು ಕೈ ಮಾಡಿದೆನಂತೆ. ಆ ಕಡೆಯ ಗೋಡೆಯಿಂದ ಇರುವೆ ಬರುತ್ತಿದ್ದವು, ಅದಕ್ಕೆ ಕೈ ಮಾಡಿರಬೇಕು. ಹಾಗೆ ಕೈ ಮಾಡುತ್ತಲೇ ಹಿಂದಕ್ಕೆ ಬಿದ್ದೆ. ಕೈಕಾಲು ಸೆಟೆದವು, ಬಾಯಲ್ಲಿ ನೊರೆ ಬಂತು. ಮಂದಿ ಇನ್ನೂ ಜೋರಾಗಿ ಉಧೋ ಎಂದರು.

ಎಲ್ಲರೂ ಕೈಮುಗಿದಿದ್ದಾಗ ಒಬ್ಬಳೇ ಒಬ್ಬಳು ಮುಗಿಯಲಿಲ್ಲ. ನನ್ನ ಹೆಂಡತಿ ಓಡಿ ಹೋಗಿ ರಸ್ತೆಯಲ್ಲಿ ಬರುತ್ತಿದ್ದ ಟಂಟಂ ಆಟೋ ಅಡ್ಡಗಟ್ಟಿದಳು. "ದೇವಿನ್ನ ದವಾಖಾನಿಗೆ ಒಯ್ತಿಯೇನ?" ಎಂದು ಅಜ್ಜಿ ಬೈದಳಂತೆ. "ದೇವಿ ಆಗಿದ್ರ ತಿರುಗಿ ಬರತಾಳ. ನನ್ನ ಗಂಡ ಆಗಿದ್ರ ಬರಂಗಿಲ್ಲ" ಎಂದಳಂತೆ ಇವಳು. ಇದನ್ನು ನಾನು ನೋಡಿಲ್ಲ. ಟಂಟಂ ಹೊಡೆದವನು ಆಮೇಲೆ ಹೇಳಿದ್ದು.

ಬೈಲಹೊಂಗಲದಲ್ಲಿ ಸೂಜಿ ಚುಚ್ಚಿ, ಅಲ್ಲಿಂದ ಧಾರವಾಡಕ್ಕೆ ಕಳಿಸಿದರು. ಬುದ್ಧಿ ತಿಳಿದಾಗ ಎದುರಿಗೆ ಒಬ್ಬ ಡಾಕ್ಟರಮ್ಮ ಇದ್ದರು.

"ಎಷ್ಟ ವರ್ಷ ಆತ್ರಿ ಕುಡ್ಯಾಕತ್ತು?"

"ಹದಿನೇಳು. ದುಡದು ಕುಡೀತೇನ್ರಿ, ಮಂದಿ ರೊಕ್ಕದಾಗಲ್ಲ."

"ಅದನ್ನ ನಾ ಕೇಳಿಲ್ಲ. ಒಮ್ಮೆಲೇ ಯಾಕ ಬಿಟ್ರಿ?"

ನನಗೆ ಕೋಪ ಬಂತು. ಕುಡಿದರೂ ಬೈಗುಳ, ಬಿಟ್ಟರೂ ಬೈಗುಳ. ಅವರು ನಕ್ಕರು. ಇಳಿಜಾರಿನಲ್ಲಿ ಹೋಗುವ ಗಾಡಿಯ ಮಾತು ಹೇಳಿದರು. "ಶೆರೆ ಅಂದ್ರ ಬ್ರೇಕ್ ಇದ್ದಂಗ್ರಿ. ಹದಿನೇಳ ವರ್ಷ ನೀವು ಬ್ರೇಕ್ ಒತ್ತೇ ಇಟ್ರಿ. ಮಿದುಳು ಪಾಪ, ಗಾಡಿ ಮುಂದ ಹೋಗ್ಲಿ ಅಂತ ಎಂಜಿನ್ ಜೋರ್ ಮಾಡಕೋಂತ ಬಂತು. ಈಗ ಒಮ್ಮೆಲೇ ಬ್ರೇಕ್ ಕಿತ್ತ ಒಗದ್ರ? ಗಾಡಿ ಎಲ್ಲಿ ಹೋಗಿ ಬೀಳತೈತಿ? ನಡಗೂದು, ಇರಿವಿ ಕಾಣೂದು, ಫಿಟ್ಸ್, ಎಲ್ಲಾ ಅದೇ. ದಿನಾ ಕುಡಿಯಾಂವ ಡಾಕ್ಟರ್ ಕೈಯಾಗ ಇದ್ದು ಬಿಡಬೇಕು. ಮನ್ಯಾಗ ಹಿಂಗ ಬಿಟ್ಟು ಸತ್ತಾವ್ರು ಅದಾರ."

ಹದಿನೇಳು ವರ್ಷ ಕುಡಿದು ಸಾಯದವನು, ಬಿಟ್ಟ ಮೂರನೆಯ ದಿನ ಸಾಯಬಹುದಿತ್ತು. ಈ ಮಾತನ್ನು ನನಗೆ ಊರಲ್ಲಿ ಒಬ್ಬರೂ ಹೇಳಿರಲಿಲ್ಲ. ಆಣೆ ಮಾಡು ಎಂದವರು ನೂರು ಜನ.

ಹತ್ತೊಂಬತ್ತು ದಿನಕ್ಕೆ ಊರಿಗೆ ಬಂದೆ. ಅಷ್ಟರಲ್ಲಿ ಅಜ್ಜಿಯ ಎಮ್ಮೆ ಸಿಕ್ಕಿತ್ತು. ಮೂಡಲಕ್ಕೆ. ಹಳ್ಳದ ದಂಡೆಯಲ್ಲಿ. ಅಲ್ಲಿಗೆ ಕಥೆ ಪೂರ್ತಿಯಾಗಿತ್ತು: ದೇವಿ ಮೈಮೇಲೆ ಬಂದು, ನಡುಗಿಸಿ ನಡುಗಿಸಿ ಒಳಗಿನ ಶೆರೆಯನ್ನೆಲ್ಲ ನೊರೆ ಮಾಡಿ ಹೊರಗೆ ಹಾಕಿದಳು, ಧಾರವಾಡಕ್ಕೆ ಹೋದದ್ದು ಸುಮ್ಮನೆ ಸಲೈನ್ ಹಚ್ಚಿಸಿಕೊಳ್ಳಲಿಕ್ಕೆ. ಊರಬಾಗಿಲ ಅಗಸಿಯಲ್ಲಿ ಬಸ್ಸು ಇಳಿದಾಗ ಇಬ್ಬರು ಕಾಲು ಮುಟ್ಟಿದರು. ಮಾಲಕರು ಮನೆಗೇ ಬಂದು, "ಈಗ ನಿನ್ನ ಕೈಯಾಗ ದೇವಿ ಅದಾಳಪಾ, ಕ್ಲಾಂಪಿನ ಜಾಗಾ ನಿಂದೇ" ಎಂದರು.

ನಾನು ಇಲ್ಲ ಎನ್ನಬಹುದಿತ್ತು. ಎನ್ನಲಿಲ್ಲ.

ಯಾಕೆ ಎನ್ನಲಿಲ್ಲ ಎಂದು ನೇರ ಹೇಳುತ್ತೇನೆ. ದೇವಿ ಬಿಡಿಸಿದ ಗಂಡಸಿಗೆ ಊರಲ್ಲಿ ಮರ್ಯಾದೆ ಇದೆ. ನರದ ಡಾಕ್ಟರರ ಗುಳಿಗೆ ನುಂಗುವ ಗಂಡಸಿಗೆ ಇಲ್ಲ. "ಹುಚ್ಚರ ಗುಳಿಗಿ" ಎನ್ನುತ್ತಾರೆ, "ಒಂದು ಚಟಾ ಬಿಡಸಾಕ ಇನ್ನೊಂದು ಚಟಾ" ಎನ್ನುತ್ತಾರೆ. ಗುಳಿಗೆ ನುಂಗುವವನನ್ನು ಬೋರಿನ ಬಾಯಿಗೆ ಯಾರು ಕೂಡಿಸುತ್ತಾರೆ? ಆ ಜಾಗ ಹೋದರೆ ನಾನು ಯಾರು? ಹೀಗಾಗಿ ಒಂದು ಹಳದಿ ಅರಿವೆಯ ಚೀಲ ಹೊಲಿಸಿಕೊಂಡೆ. ಮಂದಿ ಅದನ್ನು ಭಂಡಾರದ ಚೀಲ ಎಂದು ತಿಳಿದರು. ದಿನಾ ಮುಂಜಾನೆ ಹಿಂದಕ್ಕೆ ತಿರುಗಿ, ಚೀಲದಲ್ಲಿ ಬೆರಳಿಟ್ಟು, ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ನನ್ನ ಜೊತೆ ಕೆಲಸ ಮಾಡುವವರು ದೂರ ನಿಂತು ಕೈಮುಗಿಯುತ್ತಿದ್ದರು. ಒಳಗಿದ್ದದ್ದು ಧಾರವಾಡದ ಗುಳಿಗೆ. ಕುಡಿಯುವ ಆಸೆಯನ್ನು ತಗ್ಗಿಸುವಂಥವು.

ಎಂಟು ತಿಂಗಳಾದ ಮೇಲೆ ಮತ್ತೆ ಕುಡಿದೆ. ಇದನ್ನೂ ಹೇಳಬೇಕು. ಗುಳಿಗೆ ಸಾಕು ಎಂದು ನಾನೇ ಬಿಟ್ಟಿದ್ದೆ, ಪೂರಾ ಗುಣವಾಗಿದ್ದೇನೆ ಎಂಬ ಸೊಕ್ಕಿತ್ತು. ರಾಮದುರ್ಗದಲ್ಲಿ ಒಂದು ಖಾನಾವಳಿಯ ಹಿಂದಿನ ಕೋಣೆ, ಯಾವ ದುಃಖವೂ ಇರಲಿಲ್ಲ. ಕೆಲಸ ಚೆನ್ನಾಗಿ ಆಗಿತ್ತು, ಖುಷಿಯಲ್ಲಿದ್ದೆ. ದುಃಖಕ್ಕೇ ಕುಡಿಯುತ್ತಾರೆ ಎನ್ನುವವರು ಇದನ್ನು ಬರೆದಿಟ್ಟುಕೊಳ್ಳಲಿ. ಮೂರು ದಿನ ನಿಲ್ಲಲಿಲ್ಲ. ನಾಲ್ಕನೆಯ ದಿನ ಹೆಂಡತಿ ನನ್ನನ್ನು ಮತ್ತೆ ಧಾರವಾಡದ ಬಸ್ಸಿಗೆ ಹತ್ತಿಸಿದಳು. ಎಲ್ಲಾ ನೀರುಪಾಲಾಯಿತು ಎಂದು ನಾನು ಡಾಕ್ಟರಮ್ಮನ ಮುಂದೆ ತಲೆ ತಗ್ಗಿಸಿ ಕೂತೆ. "ಎಂಟ ತಿಂಗಳ ಕುಡಿಲಾರದ ಇದ್ರಲಾ, ಅದನ್ನ ಯಾರ ಕಸಗೊಂಡ್ರು?" ಎಂದರು ಅವರು. "ಸಕ್ಕರಿ ಬ್ಯಾನಿಯವರು ಒಂದ ದಿನ ಹೋಳಿಗಿ ತಿಂದ್ರ ಗುಳಿಗಿ ಬಿಟ್ಟ ಬಿಡತಾರೇನ್ರಿ? ಮತ್ತ ಶುರು ಮಾಡ್ರಿ." ಶುರು ಮಾಡಿದೆ. ಊರಲ್ಲಿ ಕಥೆ ಹಾಗೆಯೇ ಇತ್ತು. ಹೆಂಡತಿಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಅವಳು ಒಮ್ಮೆ ಕೇಳಿದಳು, "ಈ ಸುಳ್ಳು ಎಷ್ಟ ದಿನಾರೀ?"

"ಯಾರಿಗೇನ ತೊಂದ್ರಿ ಆಗೇತಿ ಇದರಿಂದ?" ಎಂದೆ.

ತೊಂದರೆ, ಆಣೆ ಮಾಡಿ ಒಂದು ವರ್ಷ ದಾಟಿದ ಮೇಲೆ ಬಂತು. ತೊರಗಲ್ಲಿನಲ್ಲಿ ಕೋಟೆಯ ಕೆಳಗಿನ ಒಂದು ಹೊಲದಲ್ಲಿ ಮೋಟರು ಎತ್ತುತ್ತಿದ್ದೆವು. ಬಿಸಿಲು ನೆತ್ತಿಗೆ ಬಂದಿರಲಿಲ್ಲ. ಕಟಕೋಳದಿಂದ ಅಕ್ಕನ ಫೋನು. ಅವಳ ಗಂಡ, ನಮ್ಮ ಮಾವ, ನನಗಿಂತ ಹಳೆಯ ಕುಡುಕ. ನನಗೆ ಮೊದಲ ಗುಟುಕು ಕುಡಿಸಿದವನೂ ಅವನೇ, ಅದಕ್ಕೆ ನನಗೆ ಅವನ ಮೇಲೆ ಕೋಪವಿಲ್ಲ.

"ತಮ್ಮಾ, ನಿನಗ ಮಾಡಿದಂಗನ ಮಾಡೇವಿ ನೋಡು," ಎಂದಳು ಅಕ್ಕ. ದನಿಯಲ್ಲಿ ಖುಷಿ ಇತ್ತು. "ಮಂಗಳಾರ ಗುಡ್ಡಕ್ಕ ಒಯ್ದು ಆಣಿ ಮಾಡ್ಸಿದ್ವಿ. ಬೀಜದ ಚೀಲ ಇಡೂ ಕ್ವಾಣ್ಯಾಗ ಹಾಕಿ ಕೀಲಿ ಹಾಕೇವಿ. ಇವತ್ತ ಮುಂಜಾನಿಂದ ನಡಗಾಕ ಹತ್ಯಾರ! ಗ್ವಾಡಿ ಕೂಡ ಮಾತಾಡತಾರ! ಅತ್ತಿ ಅಂತಾರ, ದೇವಿ ಹತ್ತರ ಬಂದಾಳ, ನಿನ್ನ ತಮ್ಮನ್ನ ಕರಸು, ಅವನ ಕೈಲೇ ಭಂಡಾರ ಹಚ್ಚಸೂಣು ಅಂತ. ಲಗೂನ ಬಾ."

ನನ್ನ ಕೈಯಲ್ಲಿ ಕ್ಲಾಂಪಿನ ನಟ್ಟು ಬಿಗಿಯುವ ಪಾನಾ ಇತ್ತು. ಬೋರಿನಲ್ಲಿ ಇನ್ನೂ ಅರ್ಧ ಪೈಪು ತೂಗುತ್ತಿತ್ತು.

"ಅಕ್ಕಾ, ಬಾಗಲಾ ತಗಿ. ಈಗಿಂದೀಗ ದವಾಖಾನಿಗೆ ಒಯ್ಯಿ."

"ಏನಂತೀಯೋ? ನಿನಗ ಬಂದಂಗ ಬರಾಕತ್ತೈತಿ ಅಂತ ಹೇಳಾಕತ್ತೇನಿ..."

"ನನಗ ಬಂದದ್ದು ದೇವಿ ಅಲ್ಲವಾ."

ಫೋನಿನಲ್ಲಿ ಅವಳಿಗೆ ಅರ್ಥವಾಗಲಿಲ್ಲ. ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ ಎಂದುಕೊಂಡಳೋ ಏನೋ. ಕ್ಲಾಂಪನ್ನು ಎರಡು ಸಲ ಬಿಗಿದು ನೋಡಿ, ಜೊತೆಯವನೊಬ್ಬನನ್ನು ನನ್ನ ಜಾಗಕ್ಕೆ ಕೂಡಿಸಿ, ಮೋಟರ್ ಸೈಕಲ್ ಹತ್ತಿದೆ. ಪೈಪು ತೂಗುತ್ತಿರುವಾಗ ಎದ್ದು ಹೋದದ್ದು ಜೀವನದಲ್ಲಿ ಅದೇ ಮೊದಲು. ಮಾಲಕರು ಹಿಂದಿನಿಂದ ಕೂಗಿದ್ದು ಕೇಳಿಸಿತು. ತಿರುಗಲಿಲ್ಲ.

ದಾರಿಯುದ್ದಕ್ಕೂ ಒಂದೇ ಯೋಚನೆ. ನಿಜ ಹೇಳಿದರೆ ನನ್ನ ಹದಿನೇಳು ವರ್ಷದ ಜಾಗ ಹೋಗುತ್ತದೆ. ಹೇಳದಿದ್ದರೆ ಮಾವ ಹೋಗುತ್ತಾನೆ. ಇದರಲ್ಲಿ ತೂಗಿ ನೋಡುವುದು ಏನಿದೆ ಎಂದು ನೀವು ಕೇಳಬಹುದು. ನಾನು ತೂಗಿದೆ. ಕಟಕೋಳದ ಅಗಸಿ ಬರುವತನಕ ತೂಗಿದೆ. ಸುಳ್ಳು ಹೇಳುವುದಿಲ್ಲ.

ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಮೂವತ್ತು ಜನ. ಹೆಣ್ಣುಮಕ್ಕಳು ಆರತಿ ಹಿಡಿದು ನಿಂತಿದ್ದರು. ಕೋಣೆಯ ಬಾಗಿಲ ಮುಂದೆ ಅಕ್ಕನ ಅತ್ತೆ ಮಣೆ ಹಾಕಿಕೊಂಡು ಕೂತಿದ್ದಳು, ಮಡಿಲಲ್ಲಿ ಭಂಡಾರದ ಬಟ್ಟಲು. ನನ್ನನ್ನು ನೋಡಿ ಎದ್ದು ನಿಂತಳು. ಎಪ್ಪತ್ತು ದಾಟಿದ ಮುದುಕಿ, ನನಗಾಗಿ!

"ಬಾರಪಾ, ಪುಣ್ಯವಂತಾ. ನಿನ್ನ ದಾರೀನ ನೋಡಾಕತ್ತಿದ್ವಿ. ಹಚ್ಚು ಭಂಡಾರ."

"ಅತ್ತಿ, ಮೊದಲ ಕೀಲಿ ಕೊಡ್ರಿ. ಮಾವನ್ನ ದವಾಖಾನಿಗೆ ಒಯ್ಬೇಕು."

"ದೇವಿ ಬರೂ ಹೊತ್ತಿನ್ಯಾಗ ದವಾಖಾನಿಯೇನೋ?"

"ದೇವಿ ಅಲ್ರಿ ಅದು. ಶೆರೆ ಒಮ್ಮೆಲೇ ಬಿಟ್ಟಾಗ ನರ ಹಂಗ ಮಾಡತಾವ. ನನಗೂ ಅದನ ಆಗಿತ್ತು. ಸಾಯತಿದ್ದೆ ನಾ."

ಹಿರಿಯರೊಬ್ಬರು ನಕ್ಕರು. "ಹಂಗಾರ ಎಮ್ಮಿ ಹೆಂಗ ಸಿಕ್ಕತಪಾ?"

ಎಮ್ಮೆ ಕಟಕೋಳದವರೆಗೂ ಬಂದಿತ್ತು.

"ಮೂಡಲಕ್ಕ ಹಳ್ಳ ಐತ್ರಿ, ಹಳ್ಳದಾಗ ನೀರ ಐತಿ, ಹುಲ್ಲ ಐತಿ. ಎಮ್ಮಿಗೆ ಮತ್ತೇನ ಬೇಕ್ರಿ, ಹೋಟೆಲ್ಲೇನ? ನಾಕ ದಿನ ಆ ಅಜ್ಜಿ ಹುಡಕೇ ಇರಲಿಲ್ಲ ಆ ಕಡೆ!"

ಒಂದಿಬ್ಬರು ನಕ್ಕರು. ಅತ್ತೆ ನಗಲಿಲ್ಲ. "ನೀ ಅಂತೂ ಬಿಟ್ಟಿದೀಯಿಲ್ಲೋ? ಯಾರ ಬಿಡಿಸಿದ್ರ ಏನಾತು? ಇವನೂ ಬಿಡ್ಲಿ. ಒಂದೆರಡ ದಿನ ನಡಗಲಿ, ಗಂಡಸ ಅದಾನ, ತಡಕೋತಾನ. ಮನಸ್ಸ ಗಟ್ಟಿ ಇದ್ರ ಸಾಯಂಗಿಲ್ಲ ಯಾರೂ."

ಮಾತಿನಲ್ಲಿ ಆಗುವುದಿಲ್ಲ ಎಂದು ತಿಳಿಯಿತು. ಸೊಂಟದಿಂದ ಹಳದಿ ಚೀಲ ಬಿಚ್ಚಿ, ಅತ್ತೆಯ ಮಣೆಯ ಮೇಲೆ ಬೋರಲು ಹಾಕಿದೆ. ಗುಳಿಗೆಯ ಹಾಳೆಗಳು ಬಿದ್ದವು. ಕೆಲವು ಖಾಲಿ, ಕೆಲವು ಅರ್ಧ. ಒಂದು ಚಿಟಿಕೆ ಭಂಡಾರವೂ ಇರಲಿಲ್ಲ.

"ಇದ ನೋಡ್ರಿ ನನ್ನ ದೇವಿ. ಧಾರವಾಡದ ದವಾಖಾನಿಯಿಂದ ತರತೇನಿ. ದಿನಾ ನುಂಗತೇನಿ. ಇಷ್ಟ ದಿನ ನಿಮ್ಮೆಲ್ಲಾರ ಮುಂದ ಸುಳ್ಳ ಹೇಳೇನಿ. ಇನ್ನೂ ಕೇಳ್ರಿ. ಆಣಿ ಮಾಡಿ ಎಂಟ ತಿಂಗಳಿಗೆ ಮತ್ತ ಕುಡದೇನಿ, ಮೂರ ದಿನ. ಮತ್ತ ಹೋಗಿ ಬಿಟ್ಟೇನಿ. ಮನಸ್ಸ ಗಟ್ಟಿ ಅಂತೀರಲಾ, ನನಗಿಂತ ಗಟ್ಟಿ ಮನಸ್ಸಿನವರು ಈ ಅಂಗಳದಾಗ ಯಾರದಾರ, ಮುಂದ ಬರ್ರಿ!"

ಯಾರೂ ಬರಲಿಲ್ಲ. ಆರತಿ ಹಿಡಿದ ಒಬ್ಬಾಕೆ ಆರತಿಯನ್ನು ಕೆಳಗಿಟ್ಟಳು.

ಅತ್ತೆ ಗುಳಿಗೆಯ ಒಂದು ಹಾಳೆ ಎತ್ತಿ ನೋಡಿದಳು. ಆಮೇಲೆ ನನ್ನನ್ನು. "ದೇವಿ ಹೆಸರ್ಲೆ ಕಾಲ ಹಿಡಿಸ್ಕೊಂಡಿ. ನಾನೂ ಹಿಡದೇನಿ ನಿನ್ನ ಕಾಲ, ಹೋದ ವರ್ಷ. ನಾಚಿಕಿ ಇಲ್ಲೇನ ನಿನಗ?"

"ಐತ್ರಿ ಅತ್ತಿ. ಅದನ್ನ ಆಮ್ಯಾಲೆ ಮಾತಾಡೂಣು. ಕೀಲಿ."

ಕೀಲಿ ಅವಳ ಹತ್ತಿರ ಇರಲಿಲ್ಲ. ಅಕ್ಕನ ಸೆರಗಿನ ಗಂಟಿನಲ್ಲಿತ್ತು. ಮದುವೆಯಾಗಿ ಇಪ್ಪತ್ತೈದು ವರ್ಷ ಅತ್ತೆಯ ಮಾತು ಮೀರದ ಅಕ್ಕ, ಅತ್ತೆಯನ್ನು ಬಳಸಿಕೊಂಡು ಹೋಗಿ ಬಾಗಿಲು ತೆಗೆದಳು.

ಮಾವ ಜೋಳದ ಚೀಲದ ಮೇಲೆ ಕೂತು ಗಾಳಿಯಲ್ಲಿ ಕಾಣದ ನೂಲು ಎಳೆಯುತ್ತಿದ್ದ. ಅಂಗಿ ಒದ್ದೆಯಾಗಿ ಮೈಗೆ ಅಂಟಿತ್ತು. ನನ್ನ ಗುರುತು ಹತ್ತಲಿಲ್ಲ. "ಈ ತುದಿ ಹಿಡಕೊಳೋ, ಗಂಟಾಗತೈತಿ" ಎಂದ. ನಾನು ಆ ತುದಿಯನ್ನು ಹಿಡಿದುಕೊಂಡೆ. ಹಿಡಿದುಕೊಂಡೇ ಅವನನ್ನು ಪಕ್ಕದ ಮನೆಯವರ ಜೀಪಿನವರೆಗೆ ನಡೆಸಿದೆ.

ರಾಮದುರ್ಗದ ದವಾಖಾನೆಯಲ್ಲಿ ಡಾಕ್ಟರರು ಕೇಳಿದ ಮೊದಲ ಮಾತು, "ಏನಾಗೇತಿ?" ಅತ್ತೆಯೂ ಜೀಪಿನಲ್ಲಿ ಬಂದಿದ್ದಳು, ಯಾರೂ ಕರೆಯದೆ. ಅವಳೇ ಮೊದಲು ಬಾಯಿ ತೆಗೆದಳು: "ಜ್ವರಾರೀ. ನೆತ್ತಿಗೆ ಏರೇತಿ. ನಮ್ಮ ಮನ್ಯಾಗ ಕುಡಿಯಾವ್ರು ಇಲ್ರಿ."

ಆ ಕ್ಷಣ ನನಗೆ ಮೈ ಉರಿಯಿತು. ಮನೆಯ ಮರ್ಯಾದೆ ಉಳಿಸುವ ಆ ಒಂದು ಮಾತಿಗೆ ಜ್ವರದ ಸೂಜಿ ಹಾಕಿ ಕಳಿಸಿದ್ದರೆ ದಾರಿಯಲ್ಲೇ ಮುಗಿಯುತ್ತಿತ್ತು. ನಾನು ಬಾಯಿ ತೆಗೆಯುವ ಮೊದಲೇ ಅಕ್ಕ ಹೇಳಿದಳು. ಗಟ್ಟಿಯಾಗಿ, ಹೊರಗೆ ಸಾಲು ನಿಂತವರಿಗೆಲ್ಲ ಕೇಳುವ ಹಾಗೆ.

"ಇಪ್ಪತ್ತ ವರ್ಷದಿಂದ ದಿನಾ ಕುಡೀತಾರ್ರಿ. ಮುಂಜಾನಿನೂ ಕುಡೀತಾರ. ಮಂಗಳಾರ ಮುಂಜಾನಿ ಕಡೀ ಸಲ ಕುಡದಾರ. ನಾವ ಕೀಲಿ ಹಾಕಿ ಬಿಡಿಸಿದ್ವಿ. ತಪ್ಪಾಗೇತ್ರಿ."

ಡಾಕ್ಟರರು ಓಡಿದರು. ಸೂಜಿ ಚುಚ್ಚುವಷ್ಟರಲ್ಲೇ ಮಾವನಿಗೆ ಫಿಟ್ಸ್ ಬಂತು. ಮಂಚದ ಮೇಲೆ, ಅವರ ಕೈಯಲ್ಲೇ ಬಂತು. ಬೀಜದ ಕೋಣೆಯಲ್ಲಿ ಬರಲಿಲ್ಲ. ನಾನು ಅಷ್ಟೇ ಸಾಕು ಎಂದುಕೊಂಡೆ. ಅತ್ತೆ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ನಾನು ಹೋಗಿ ಪಕ್ಕಕ್ಕೆ ಕೂತೆ. "ನಾ ಮುಂಜಾನಿಂದ ಕಾಯಾಕತ್ತಿದ್ದೆ, ಅಂವ ಯಾವಾಗ ಬೀಳತಾನಂತ" ಎಂದಳು.

ಅವಳನ್ನು ನಾನು ದೂರುವುದಿಲ್ಲ. ದೇವಿಯ ಮೇಲೂ ನನಗೆ ಸಿಟ್ಟಿಲ್ಲ, ಇವತ್ತಿಗೂ ಗುಡ್ಡಕ್ಕೆ ಹೋಗುತ್ತೇನೆ. ಅವಳು ಮಾಡದ ಕೆಲಸವನ್ನು ಅವಳ ಹೆಸರಿಗೆ ಹಚ್ಚಿದವರು ನಾವು. ಹಚ್ಚಿದ್ದನ್ನು ನೋಡಿಯೂ ಸುಮ್ಮನಿದ್ದವನು ನಾನು.

ಆಮೇಲೆ ಆದದ್ದು ನಾನು ಎಣಿಸಿದ ಹಾಗೆಯೇ ಆಯಿತು. ಮಾತು ಎಮ್ಮೆಗಿಂತ ಬೇಗ ನಡೆಯಿತು. ಮಾಲಕರು ವಾರದೊಳಗೆ ಕರೆಸಿ ಹೇಳಿದರು: "ನಿನ್ನ ಕೆಲಸಕ್ಕ ನಾ ಹೆಸರ ಇಡಂಗಿಲ್ಲ. ಆದ್ರ ಮಂದಿ ಕೇಳತಾರ ನೋಡು, ನರದ ಗುಳಿಗಿ ತಗೊಳ್ಳಾಂವ ಅಂತ. ಪೈಪ್ ಹೊರು, ಬ್ಯಾಡ ಅನ್ನಂಗಿಲ್ಲ."

"ಕುಡದು ಕುಂತಾಗ ಮಂದಿ ಕೇಳಲಿಲ್ಲೇನ್ರಿ? ನೀವ ಕುಡಿಸಿ ಕುಂದರಸ್ತಿದ್ರಿ."

ಅವರು ಮೀಸೆ ತೀಡಿದರು. ಐದು ತಿಂಗಳು ಪೈಪು ಹೊತ್ತೆ. ಹದಿಮೂರನೆಯ ವಯಸ್ಸಿನಲ್ಲಿ ಹೊತ್ತದ್ದನ್ನೇ ಮೂವತ್ತೊಂಬತ್ತರಲ್ಲಿ ಹೊತ್ತೆ. ಆರನೆಯ ತಿಂಗಳು ನನ್ನದೇ ಚೈನ್ ಪುಲ್ಲಿ ತಂದೆ.

ಮೊದಮೊದಲು ಕರೆದವರು ಬಹಳಿಲ್ಲ. ಕರೆದವರಲ್ಲೂ ಕೆಲವರು ವಿಚಿತ್ರ. ಕಿತ್ತೂರಿನ ಕಡೆಯ ಒಬ್ಬ ರೈತರು ಮೋಟರು ನೀರು ಎತ್ತುತ್ತಿಲ್ಲ ಬಾ ಎಂದು ಕರೆದರು. ಹೋಗಿ ನೋಡಿದರೆ ನೀರು ಭರ್ತಿ ಬೀಳುತ್ತಿದೆ. ನನ್ನನ್ನು ಬಣವೆಯ ಹಿಂದಕ್ಕೆ ಕರೆದುಕೊಂಡು ಹೋಗಿ, ಸುತ್ತ ನೋಡಿ, "ನನ್ನ ಮಗಗ ಮುಂಜಾನಿ ಕೈ ನಡಗತಾವ" ಎಂದರು. ಅಂಥ ಕೆಡದ ಮೋಟರುಗಳನ್ನು ನಾನು ಈಗ ಬಹಳ ನೋಡಿದ್ದೇನೆ. ಎಲ್ಲರಿಗೂ ಹೇಳುವುದು ಅಷ್ಟೇ: ಕೀಲಿ ಹಾಕಬೇಡಿ, ಬಸ್‌ಸ್ಟ್ಯಾಂಡಿನಲ್ಲಿ ಮಾರುವ ಪುಡಿಯನ್ನು ಸಾರಿನಲ್ಲಿ ಕದ್ದು ಹಾಕಬೇಡಿ, ಡಾಕ್ಟರರ ಮುಂದೆ ಜ್ವರ ಎನ್ನಬೇಡಿ. "ಅವಗ ತಾನಾಗೇ ಬುದ್ಧಿ ಬರಬೇಕಲ್ರಿ, ಮನಸ್ಸಿಲ್ಲದಾಂವನ್ನ ಒಯ್ದ್ರ ಏನ ಉಪಯೋಗ?" ಎನ್ನುತ್ತಾರೆ. ನಾನು ಧಾರವಾಡಕ್ಕೆ ಮನಸ್ಸಿನಿಂದ ಹೋದವನಲ್ಲ, ಬಾಯಲ್ಲಿ ನೊರೆ ಇಟ್ಟುಕೊಂಡು ಹೋದವನು. ಬುದ್ಧಿ ಅಲ್ಲೇ, ಆಮೇಲೆ ಬಂತು.

ಹೋದ ವರ್ಷ ಊರಲ್ಲಿ ಯಾವುದೋ ಸಭೆಯಲ್ಲಿ ನನಗೆ ಶಾಲು ಹೊದಿಸುತ್ತೇವೆ, ಚಟ ಗೆದ್ದವ ಎಂದು ಎರಡು ಮಾತಾಡು ಎಂದು ಕರೆದರು. ಹೋಗಲಿಲ್ಲ. ಗೆದ್ದು ಮನೆಗೆ ಬಂದು ಮಲಗುವ ಕುಸ್ತಿ ಅಲ್ಲ ಇದು. ನಾಳೆ ಮುಂಜಾನೆಯೂ ಇರುತ್ತದೆ. ಮಾವನಂತೂ ಆಮೇಲೆ ಎರಡು ಸಲ ಕುಡಿದ. ಎರಡು ಸಲವೂ ಅಕ್ಕನೇ ಬಸ್ಸಿಗೆ ಹತ್ತಿಸಿದಳು, ಈಗ ಯಾರಿಗೂ ಜ್ವರ ಎಂದು ಹೇಳುವುದಿಲ್ಲ. ಊರವರು ನಕ್ಕರು. ನಗಲಿ. ನಕ್ಕವರಲ್ಲಿ ನಾಲ್ವರ ಕೈ ಮುಂಜಾನೆ ಹೊತ್ತು ಹೇಗಿರುತ್ತದೆ ಎಂದು ನನಗೆ ಗೊತ್ತು. ಹೆಸರು ಹೇಳುವುದಿಲ್ಲ. ಬಂದರೆ ಕರೆದುಕೊಂಡು ಹೋಗುತ್ತೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಒಬ್ಬ ಹೆಂಡತಿ. ಇಬ್ಬರು ಹೆಣ್ಣುಮಕ್ಕಳು, ಹಿರಿಯವಳು ಕಾಲೇಜಿನಲ್ಲಿ. ಎರಡು ಚೈನ್ ಪುಲ್ಲಿ, ನಾಲ್ಕು ಕ್ಲಾಂಪ್, ಹಳೆಯ ಜೀಪೊಂದು. ನನ್ನ ಕೈಕೆಳಗೆ ದುಡಿಯುವ ಮೂರು ಜನ, ಅವರಲ್ಲಿ ಒಬ್ಬ ಗುಳಿಗೆ ನುಂಗುವವನು. ಕುಡಿಯದ ನಾಲ್ಕು ವರ್ಷ ಐದು ತಿಂಗಳು, ಅದಕ್ಕೂ ಹಿಂದಿನ ಎಂಟು ತಿಂಗಳು. ಮೂರು ತಿಂಗಳಿಗೊಮ್ಮೆ ತೋರಿಸುವ ಧಾರವಾಡದ ಒಂದು ಚೀಟಿ. ಕಟಕೋಳದಲ್ಲಿ ಒಬ್ಬ ಮಾವ, ಜೀವಂತ, ಕುಡಿಯದೆ ಹನ್ನೊಂದು ತಿಂಗಳು.